ಭಾಂಡುಪಿನ ಹೊಸ ಮೆಟ್ಟಿಲು

ಇನ್ನೊಬ್ಬರ ಮನೆಯ ಮಾತನ್ನು ಹೀಗೆ ಬಯಲಿಗೆ ತರುವುದು ತಪ್ಪೆಂದು ಗೊತ್ತು, ಓದುವವರು ಮನ್ನಿಸಬೇಕು. ಹೇಳದೆ ಇರಲು ಆಗಲಿಲ್ಲ.

ರಾಮಪ್ಪ ಮೆಟ್ಟಿಲಿನ ಗಾರೆಯನ್ನು ಉಗುರಿನಿಂದ ಕೆರೆದು ನಾಲಿಗೆಯ ತುದಿಗೆ ಇಟ್ಟುಕೊಂಡ. ಉಪ್ಪು. ಥೂ ಎಂದು ಉಗುಳಿದ. ಖಾಡಿಯ, ಸಮುದ್ರದ ಹಿನ್ನೀರಿನ ಮರಳು! ಕಬ್ಬಿಣವನ್ನು ಒಳಗೊಳಗೇ ತಿಂದುಹಾಕುವ ಹೊಲಸು ಮರಳು.

ಎಪ್ಪತ್ತೆರಡರ ಬೇಸಿಗೆ. ಮುಂಬಯಿಯ ಭಾಂಡುಪಿನ ಚಾಳಿನಲ್ಲಿ ಹಾಲವ್ವ ತನ್ನ ಖೋಲಿಯ ಮೇಲೆ ಇನ್ನೊಂದು ಖೋಲಿ ಎತ್ತಿಸಿದ್ದಳು. ಮಗ ಫಕೀರಪ್ಪನ ಮದುವೆಯ ಮಾತು ನಡೆದಿತ್ತು. ಬರುವ ಸೊಸೆಗೆ ಮೇಲಿನ ಖೋಲಿ. ಹೊರಗೋಡೆಗೆ ಅಂಟಿಸಿದ ಈ ಮೆಟ್ಟಿಲೇ ಅವಳ ದಾರಿ. ಚಾಳಿನ ಮಾಲಕ ರಾಮಪ್ಪನನ್ನು ಕರೆದು, "ರವಿವಾರ ಹೋಗಿ ನೋಡಿ ಬಾ. ನೀ ಹೂಂ ಅಂದ್ರ ಹತ್ತಲಿ, ಇಲ್ಲಾಂದ್ರ ಇಲ್ಲ. ನೀ ಬರ್ತಿ ಅಂತ ಅವರಿಗೆ ಹೇಳಿರ್ತೀನಿ" ಎಂದಿದ್ದ.

ರಾಮಪ್ಪ ಘಾಟ್ಕೋಪರಿನ ಒಬ್ಬ ಕಾಂಟ್ರಾಕ್ಟರನ ಬಳಿ ಸುಪರ್‌ವೈಸರ್. ಸಂಜೆ ತರಗತಿಯಲ್ಲಿ ಕಲಿತ ವಿದ್ಯೆ. ಅದರ ಮೇಲೆ ಅವನಿಗೇ ಪೂರ್ತಿ ನಂಬಿಕೆ ಇರಲಿಲ್ಲ; ಅಳೆದದ್ದನ್ನೇ ಮತ್ತೆ ಅಳೆಯುವವ. ತಾನು ಹೂಂ ಎಂದು, ಮುಖ ಕಾಣದ ಯಾವಳೋ ಹೆಣ್ಣುಮಗಳು ತುಂಬಿದ ಕೊಡದ ಸಮೇತ ಕೆಳಗೆ ಬಿದ್ದರೆ? ಅದೊಂದೇ ಹೆದರಿಕೆ ಅವನನ್ನು ವಾರವಿಡೀ ಕಾಡಿತ್ತು. ಬಾಗಿಲಲ್ಲಿ ನಿಂತು "ಪರೀಕ್ಷೆ ಮಾಡಲು ಬಂದೆ" ಎಂದರೆ ದೊಡ್ಡಸ್ತಿಕೆಯಾದೀತೆಂದು, "ಮನಿ ನೋಡಾಕ ಬಂದೀನ್ರಿ" ಎಂದಷ್ಟೇ ಮೆಲ್ಲಗೆ ಹೇಳಿದ್ದ.

ಅಷ್ಟಕ್ಕೇ ಎಂಥ ಉಪಚಾರ! ಕಾಲಿಗೆ ನೀರು. ಟ್ರಂಕಿನ ಮೇಲೆ ಹೊಸ ಚಾದರ. ತುಪ್ಪ ಜಿನುಗುವ ಶಿರಾ. ತಾಟು ಹಿಡಿದು ಬಂದವನು ಫಕೀರಪ್ಪನೇ. ಇಸ್ತ್ರಿ ಮಾಡಿದ ಟೆರಿಲಿನ್ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ಆ ತಲೆ ಮೇಲೇಳಲಿಲ್ಲ. ಹಾಲವ್ವನ ತಂಗಿ ಕಾಶವ್ವ ತೆಂಗಿನಕಾಯಿಯ ಜೊತೆ ಒಂದು ಧೋತರ ತಂದಿಟ್ಟಳು. ರಾಮಪ್ಪನಿಗೆ ಹೇಸಿಗೆಯಾಯಿತು. ಒಂದು ಧೋತರಕ್ಕೆ ಹೆಣ್ಣುಮಗಳ ಜೀವ!

"ತಿನ್ರಿ ಅಣ್ಣಾರ, ಬಾಯಿ ಸಿಹಿ ಮಾಡ್ಕೊಳ್ರಿ" ಎಂದಳು ಹಾಲವ್ವ.

"ಮೊದಲ ನೋಡತೀನಿ."

"ನೋಡ್ರಿ, ನೋಡಾಕಂತನ ಬಂದೀರಿ. ಸಣ್ಣ ಪುಟ್ಟ ಏನರ ಇದ್ರ ಹೊಟ್ಟ್ಯಾಗ ಹಾಕ್ಕೋರಿ."

"ಶಿರಾದ ಜೋಡಿನ ಹಾಕ್ಕೋಬೇಕೇನ್ರಿ?"

"ಅಣ್ಣಾರ ಭಾಳ ಚಾಷ್ಟಿ ಮಾಡತಾರ ನೋಡವ್ವ!" ಎಂದು ಕಾಶವ್ವ ನಕ್ಕಳು. ರಾಮಪ್ಪ ನಗಲಿಲ್ಲ. ತಾಟು ಮುಟ್ಟದೆ ಎದ್ದು ಹೊರಗೆ ಬಂದಿದ್ದ.

ಈಗ ಉಪ್ಪು ನಾಲಿಗೆ ಬಿಟ್ಟು ಹೋಗುತ್ತಿರಲಿಲ್ಲ. ಮೂಗು ಮುಚ್ಚಿಕೊಂಡು ಮೆಟ್ಟಿಲಿನ ಅಡಿಗೆ ಬಗ್ಗಿದ. ಗಟಾರದ ಕಪ್ಪು ನೀರು, ಕೊಳೆತ ಮೀನಿನ ತಲೆ, ಗೋಡೆ ತುಂಬ ಪಾನಿನ ಉಗುಳು. ಬೆರಳು ಒತ್ತಿದರೆ ಗಾರೆ ತೇವದ ಬೂದಿಯಂತೆ ಉದುರಿತು. ತುಕ್ಕು ಹಿಡಿದ ಕಬ್ಬಿಣದ ಸಳಿಯೊಂದು ಹೊರಗೆ ಇಣುಕಿತ್ತು. ಬಿರುಕುಗಳ ಮೇಲೆ ದಪ್ಪಗೆ ನೀಲಿ ಬಣ್ಣ ಬಳಿದಿದ್ದರು.

ಎದ್ದು ತಿರುಗಿದರೆ ಹಿಂದೆಯೇ ನಿಂತಿದ್ದರು, ಅಕ್ಕ ತಂಗಿ ಇಬ್ಬರೂ. ಶಿರಾದ ತಾಟು ಹಿಡಿದುಕೊಂಡು ಫಕೀರಪ್ಪ.

"ಹೆಂಗ ಅನಿಸ್ತ್ರಿ?" ಹಾಲವ್ವನ ದನಿ ಅಳುಕಿತ್ತು.

"ಮ್ಯಾಗ ಚಂದ, ಒಳಗ ಟೊಳ್ಳ. ಗೊತ್ತಿದ್ದು ಮುಚ್ಚೀರಿ."

ಅವಳ ಮುಖ ಬಿಳಿಚಿತು. "ಯಾರ ಹೇಳಿದ್ರು ನಿಮಗ?"

"ಯಾರ ಯಾಕ ಹೇಳಬೇಕು? ಕಣ್ಣಿಗೆ ಕಾಣತೈತಿ."

"ಮೊದಲ ಬಿದ್ದಿದ್ದು ಖರೆ, ಅಣ್ಣಾರ. ಈಗ ಬೀಳೂದಿಲ್ರಿ. ಎಲ್ಲವ್ವನ ಆಣಿ."

ಬಿದ್ದಿತ್ತು! ಬಿದ್ದದ್ದನ್ನೇ ಎತ್ತಿ ನಿಲ್ಲಿಸಿ, ಬಣ್ಣ ಬಳಿದು, ಮೇಲೆ ಶಿರಾ ಬೇರೆ.

"ಒಮ್ಮೆ ಬಿದ್ದಿದ್ದು ಮತ್ತ ಬೀಳತೈತಿ. ಬರೂ ಹುಡುಗಿ ಗತಿ ಏನ್ರಿ? ನಾಚಿಕಿ ಆಗಂಗಿಲ್ಲ?"

"ಹುಡುಗಿಗೆ ಸುಳಿವು ಹತ್ತದಂಗ ನಾವು ಜ್ವಾಕಿ ಮಾಡತೇವ್ರಿ" ಎಂದಳು ಕಾಶವ್ವ.

ಎಂಥ ಜನ! ರಾಮಪ್ಪನ ದನಿ ಚಾಳಿಗೆಲ್ಲ ಕೇಳುವಷ್ಟು ಏರಿತು. "ಇದು ರಿಪೇರಿ ಆಗೂ ಮಾತಲ್ಲ. ಮುರೀರಿ! ಇವತ್ತ ಮುರೀರಿ!"

ಫಕೀರಪ್ಪ ತಾಟನ್ನು ಮೆಲ್ಲಗೆ ನೆಲಕ್ಕಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ರಾಮಪ್ಪ ಕೈ ಒರೆಸಿಕೊಂಡು ಹೊರಟ. ಧೋತರದ ಕಡೆ ತಿರುಗಿಯೂ ನೋಡಲಿಲ್ಲ. ತಾನು ಮಾಡಿದ್ದು ಸರಿಯೆಂಬ ಬಗ್ಗೆ ಅವನಿಗೆ, ಅಪರೂಪಕ್ಕೆ, ಸಂಶಯವೇ ಇರಲಿಲ್ಲ.

ಚಾಳಿನ ನಲ್ಲಿಯ ಹತ್ತಿರ ಹಾಲವ್ವ ಹಿಂದಿನಿಂದ ಬಂದು ಅವನನ್ನು ತಡೆದಳು. ಅವಳು ಅಳುತ್ತಿರಲಿಲ್ಲ.

"ಹುಡುಗಿ ಸೋದರಮಾವ ನೀವು, ಮನಿ ನೋಡಾಕ ಬಂದೀರಂತ ಕಾಲಿಗೆ ನೀರ ಕೊಟ್ವಿ. ಹುಡುಗಗ ಫಿಟ್ಸ್ ಐತಿ ಅಂತ ತಿಳಕೊಂಡಿದ್ರಿ, ಸಂಬಂಧ ಮುರೀರಿ ಅಂದ್ರಿ, ಆತು. ಆದರ ನನ್ನ ಮಗನ್ನ ಅವನ ಮುಂದನ ಟೊಳ್ಳ ಅನಬಾರದಿತ್ತ್ರಿ, ಅಣ್ಣಾರ."

ಮೆಟ್ಟಿಲು ನೋಡಲು ರಾಮಪ್ಪ ಬರುವುದನ್ನು ಮಾಲಕ ಅವಳಿಗೆ ಹೇಳಲು ಮರೆತನೋ, ಹುಡುಗಿಯ ನಿಜವಾದ ಸೋದರಮಾವ ಆಮೇಲೆ ಬಂದನೋ ಇಲ್ಲವೋ, ಗೊತ್ತಿಲ್ಲ.