ಭಾಗವ್ವನ ಪತ್ತು

"ಸಾರಿ ಆಂಟಿ, ಈ ಅಕೌಂಟ್ ಮೇಲೆ ಲೋನ್ ಆಗುದಿಲ್ಲ," ಎಂದಳು ಘಾಟ್ಕೋಪರಿನ ಬ್ಯಾಂಕಿನಲ್ಲಿ ಸಾಲದ ವಿಭಾಗ ನೋಡಿಕೊಳ್ಳುವ ಲಾವಣ್ಯಾ. ಉಡುಪಿ ಕಡೆಯವರ ಮಗಳು, ಹುಟ್ಟಿ ಬೆಳೆದದ್ದು ಮುಂಬೈ. ಕನ್ನಡ ತಡವರಿಸುತ್ತಿತ್ತು. "ನಿಮ್ದು ಪೈಸಾ ಬರ್ತದೆ, ಮತ್ತೆ ತುರಂತ್ ಹೋಗ್ತದೆ. ಬ್ಯಾಲೆನ್ಸೇ ನಿಲ್ಲುದಿಲ್ಲ."

ಶೈಲಾಳ ಮುಖ ಸಣ್ಣದಾಯಿತು. ಚಾಳಿನ ಖೋಲಿಯಲ್ಲಿ ಜೋಳದ ಕಡಕ್ ರೊಟ್ಟಿ ಬಡಿದು ಮಾರಿ ಬದುಕುವವಳು ಅವಳು. ಈಗ ದೊಡ್ಡ ಅಂಗಡಿಯವನೊಬ್ಬ ದಿನಾ ರಾಶಿಗಟ್ಟಲೆ ರೊಟ್ಟಿ ಬೇಕೆಂದಿದ್ದ. ಅದು ಎರಡು ಕೈಗೆ ಆಗುವ ಕೆಲಸವಲ್ಲ, ರೊಟ್ಟಿ ಮಾಡುವ ಮಶೀನೇ ಬೇಕು; ಸಾಲ ಕೇಳಿದ್ದು ಅದಕ್ಕೇ. ಈ ತಿಂಗಳು ಹೂಂ ಅನ್ನದಿದ್ದರೆ ಆರ್ಡರು ಬೇರೆಯವರ ಪಾಲು.

ದುಡ್ಡು ಹೋಗುತ್ತಿದ್ದದ್ದು ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಅತ್ತೆ ಭಾಗವ್ವನಿಗೆ. ಕಣ್ಣು ತೋರಿಸಲೆಂದು ಇಂಡಿ ಕಡೆಯ ಹಳ್ಳಿಯಿಂದ ಬಂದಿದ್ದಳು. ಗಂಡ ತೀರಿಕೊಂಡ ಮೇಲೂ ಶೈಲಾ ಅತ್ತೆಗೆ ಹಣ ಕಳಿಸುವುದನ್ನು ಬಿಟ್ಟಿರಲಿಲ್ಲ.

"ಏನಂತಾಳ ಈ ಹುಡುಗಿ?"

"ಸಾಲ ಕೊಡಂಗಿಲ್ಲಂತ ಅತ್ತಿ."

"ಅಯ್ಯ! ನಮ್ಮೂರ ಬ್ಯಾಂಕಿನ ಮ್ಯಾನೇಜರ ನನ್ನ ಕಂಡ್ರ ಸಾಕು, 'ಬರ್ರಿ ಭಾಗವ್ವಾರ, ಕೂಡ್ರಿ, ಸಾಲ ಏನರ ಬೇಕೇನ್ರಿ' ಅಂತ ಗಂಟು ಬೀಳ್ತಾನ. ನಾನ ಒಲ್ಲೆಪ್ಪಾ ಅಂತ ಓಡಿ ಬರ್ತೀನಿ."

ಲಾವಣ್ಯಾಗೆ ನಗು ತಡೆಯಲಾಗಲಿಲ್ಲ. "ನಿಮ್ಮ ಅಕೌಂಟಿಗೆ ಪ್ರತಿ ತಿಂಗಳು ಪೈಸಾ ಬರ್ತದಲ್ಲ ಅಜ್ಜಿ, ಅದಕ್ಕೆ."

ಶೈಲಾಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬೆವರು ತನ್ನದು, ಮರ್ಯಾದೆ ಅತ್ತೆಯದು.

ಬ್ಯಾಂಕಿನ ಮೆಟ್ಟಿಲಿಳಿದದ್ದೇ ಭಾಗವ್ವ ಜನಜಂಗುಳಿಯ ನಡುವೆಯೇ ನಿಂತುಬಿಟ್ಟಳು.

"ಮಶೀನು ಮುಂಬೈದಾಗ ಇರಬೇಕಂತ ಯಾರ ಹೇಳ್ಯಾರ? ನಿನ್ನ ಖೋಲ್ಯಾಗ ಕಾಲು ಚಾಚಿದ್ರ ಗ್ವಾಡಿಗೆ ಬಡೀತಾವ. ನಮ್ಮೂರ ಬ್ಯಾಂಕಿನ್ಯಾಗ ನಾನ ಸಾಲ ತಗೀತೀನಿ, ನಮ್ಮ ಪಡಸಾಲ್ಯಾಗ ಇಡೂಣು. ಓಣಿ ಹೆಣ್ಮಕ್ಕಳನ್ನ ಕೂಡಿಸ್ಕೊಂಡು ರೊಟ್ಟಿ ನಾ ಮಾಡಸ್ತೀನಿ. ಕಡಕ್ ರೊಟ್ಟಿ ಏನು ಕೆಡತಾವ? ಸಂಜಿ ಬಸ್ಸಿಗೆ ಹಾಕಿದ್ರ ಮುಂಜಾನಿ ನಿನ್ನ ಕೈಯಾಗ. ನೀ ಮಾರು."

"ಈ ವಯಸ್ಸಿನ್ಯಾಗ ನಿಮಗ್ಯಾಕ ಸಾಲ, ಅತ್ತಿ?"

"ಹೆಸರಷ್ಟ ನಂದು. ಕಂತು ಕಟ್ಟಾಕಿ ನೀನ. ಹೆಂಗೂ ತಿಂಗಳಾ ಕಳಸ್ತಿ!"

ಶೈಲಾ ರಸ್ತೆಯಲ್ಲೇ ಬಿದ್ದುಬಿದ್ದು ನಕ್ಕಳು. ಭಾಗವ್ವನಿಗೆ ಮಾತ್ರ ತಡೆಯಲಾಗದಷ್ಟು ಅವಸರ. ಕನ್ನಡಕ ತಯಾರಾಗುವವರೆಗೂ ನಿಲ್ಲದೆ, "ಅದನ್ನ ಬಸ್ಸಿಗೆ ಹಾಕಿ ಕಳಿಸು" ಎಂದು ಊರಿಗೆ ಹೊರಟೇಬಿಟ್ಟಳು.

ಕೆಲವು ದಿನ ಕಳೆದು, ಶೈಲಾ ಹಿಟ್ಟು ನಾದುತ್ತಿದ್ದಾಗ ಫೋನು ಬಂತು. ಊರಿನ ಬ್ಯಾಂಕಿನ ಮ್ಯಾನೇಜರು.

"ಭಾಗವ್ವನವರ ಸಾಲ ಮಂಜೂರಾಗೇತ್ರಿ. ಮುಂಬೈದಾಗ ರೊಟ್ಟಿ ಮಾರೋರು ನೀವ ಹೌದಲ್ರಿ?"

"ಹೌದ್ರಿ ಸಾಹೇಬ್ರ." ಅಷ್ಟಕ್ಕೇ ಬಿಡಲು ಅವಳಿಗೆ ಮನಸ್ಸಾಗಲಿಲ್ಲ. "ಅತ್ತಿಗೆ ಹೊಲಾ ಇಲ್ಲ, ಬಂಗಾರಾ ಇಲ್ಲ. ಏನ ನೋಡಿ ಕೊಟ್ರಿ?"

"ನಿಮ್ಮನ್ನ ನೋಡ್ರಿ! ಇಷ್ಟು ವರ್ಷದಾಗ ಒಂದು ತಿಂಗಳರ ಹಣ ತಪ್ಪಿಸೀರೇನು? ಸಾಲ ಕೊಡಾಕ ಇಷ್ಟು ನಂಬಿಗಿ, ನಿಮ್ಮಂಥಾ ಪತ್ತು ಇದ್ದೋರು ನಮಗೆಲ್ಲಿ ಸಿಗಬೇಕು?"

ಶೈಲಾ ಹಿಟ್ಟು ಮೆತ್ತಿದ ಕೈಯಿಂದಲೇ ಬಾಯಿ ಮುಚ್ಚಿಕೊಂಡಳು. ನಗು ಬೆರಳ ಸಂದಿಯಿಂದ ಉಕ್ಕಿತು.

"ಒಂದು ಉಪಕಾರ ಮಾಡ್ರಿ ಸಾಹೇಬ್ರ," ಎಂದಳು. "ಈ ಮಾತು ಸ್ವಲ್ಪ ಘಾಟ್ಕೋಪರಿನ ಬ್ಯಾಂಕಿಗೂ ಫೋನ್ ಮಾಡಿ ಹೇಳ್ರಿ."