ಸಂಚಿಯೊಳಗಿನ ಸಾಕ್ಷಿ

ಸೊಸೆ ಸಮೀನಾಳನ್ನು ಒಳಗೆ ಒಯ್ದು ಆಪರೇಷನ್ ಕೋಣೆಯ ಬಾಗಿಲು ಮುಚ್ಚಿದ ಮೇಲೂ ತಾಜಬಿ ಎಲೆಅಡಿಕೆ ಸಂಚಿಯನ್ನು ಮುಷ್ಟಿಯಿಂದ ಬಿಡಲಿಲ್ಲ. ಸೊಸೆಯ ವಿರುದ್ಧದ ಸಾಕ್ಷಿ ಅದರೊಳಗಿತ್ತು: ಕಸದ ಡಬ್ಬಿಯಲ್ಲಿ ಸಿಕ್ಕ ಗುಳಿಗೆ ಪಟ್ಟಿಯ ಚೂರು. ಅದರ ಮೇಲಿನ ಇಂಗ್ಲಿಷ್ ಮುದುಕಿಗೆ ಓದಲು ಬರುತ್ತಿರಲಿಲ್ಲ.

ಕಣ್ಣಾರೆ ಕಂಡಿದ್ದಳು. ದಿನಾ ಸಂಜೆ ಸಮೀನಾ ಬಿಳಿ ಗುಳಿಗೆಯೊಂದನ್ನು ಅರೆದು ಅತ್ತೆಯ ಚಾದಲ್ಲಿ ಕದಡುತ್ತಿದ್ದಳು. ಅವರು ವಾಸವಿದ್ದ ದಹಿಸರ್‌ನ ಚಾಳು ಕೆಡವಿ ಬಿಲ್ಡಿಂಗ್ ಕಟ್ಟುವವರಿದ್ದರು. ಖೋಲಿ ತಾಜಬಿಯ ಹೆಸರಿನಲ್ಲಿತ್ತು; ಅದರ ಬದಲಿಗೆ ಸಿಗುವ ಹೊಸ ಮನೆಯೂ ಅವಳದೇ. ಇದಕ್ಕಿಂತ ಬಿಡಿಸಿ ಹೇಳಬೇಕೆ?

ಮುದುಕಿ ಬಾಯಿ ಬಿಡಲಿಲ್ಲ. ಸೊಸೆಯನ್ನು ನೆಟ್ಟಗೆ ಕೂರಲೂ ಬಿಡಲಿಲ್ಲ. ಎರಡು ಕಪ್ ಚಾ ತಂದಿಟ್ಟು ಕೂರುವಷ್ಟರಲ್ಲಿ, ಖಾರಿ ಬಿಸ್ಕಿಟ್ ತಾ ಎಂದು ಮತ್ತೆ ಎಬ್ಬಿಸುತ್ತಿದ್ದಳು. ಎರಡು ವಾರದಿಂದ ಸಮೀನಾ ತಲೆ ತಿರುಗುತ್ತದೆಂದು ಗೋಡೆ ಹಿಡಿದು ನಡೆಯುತ್ತಿದ್ದಳು. ಪಿತ್ತಕೋಶದ ಕಲ್ಲಿನಿಂದ ಎಂದ ಮಗ ಮುಬಾರಕ. ನಾಟಕ ಎಂದುಕೊಂಡಳು ತಾಜಬಿ.

ಬಾಗಿಲು ತೆರೆಯಿತು. ಕನ್ನಡದವಳೇ ಆದ ನರ್ಸ್ ಸೇವಂತಿ ಮುಬಾರಕನತ್ತ ಧಾವಿಸಿದಳು.

"ನಿಮ್ಮ ಹೆಂಡತಿ ಬಿಪಿ ಮಾತ್ರೆ ತೆಗೊಳ್ತಾರಾ? ಅನಸ್ತೇಷಿಯಾ ಇಂಜೆಕ್ಷನ್ ಕೊಟ್ಟ ಕೂಡಲೇ ಬಿಪಿ ಬಿದ್ದುಹೋಯ್ತು, ಮೇಲೆ ಬರ್ತಾ ಇಲ್ಲ. ಕೆಲವು ಬಿಪಿ ಮಾತ್ರೆ ಇದರ ಜೊತೆ ಆಗುವುದಿಲ್ಲ. ಯಾವುದಂತ ಗೊತ್ತಾದ್ರೆ ಡಾಕ್ಟರು ಅದಕ್ಕೆ ತಕ್ಕ ಔಷಧಿ ಕೊಡ್ತಾರೆ."

"ಆಕೀಗ ಬಿಪಿನೇ ಇಲ್ರಿ ಸಿಸ್ಟರ್. ಯಾ ಗುಳಿಗೀನೂ ತಗೋಳಂಗಿಲ್ಲ."

ತಾಜಬಿ ಸಂಚಿ ಬಿಚ್ಚಿದಳು.

"ಇದು ಏನ್ ವಿಷ ಓದಿ ಹೇಳ್ರಿ. ದಿನಾ ನನ್ನ ಚಾದಾಗ ಹಾಕ್ತಾಳ ಆಕಿ."

ಸೇವಂತಿ ಚೂರನ್ನು ಬೆಳಕಿಗೆ ಹಿಡಿದಳು. "ವಿಷ ಅಲ್ಲ ಅಮ್ಮ. ಬಿಪಿ ಮಾತ್ರೆ."

ಮುಬಾರಕ ತಲೆ ತಗ್ಗಿಸಿದ. "ನಾನೇ ಹೇಳಿದ್ದೆ ಅಮ್ಮಾ. ಡಾಕ್ಟರ್ ಬರದು ಕೊಟ್ಟ ಗುಳಿಗಿ ನೀ ಕಿಟಕಿಯಿಂದ ಒಗೀತಿದ್ದಿ. ಸಮೀನಾ ರಾತ್ರಿಯೆಲ್ಲ ಅಳ್ತಿದ್ಲು, ಅತ್ತಿಗೆ ಏನರ ಆದ್ರ ಏನ್ ಮಾಡೂದು ಅಂತ. ಚಾದಾಗ ಹಾಕು ಅಂದೆ."

ತಾಜಬಿಗೆ ಮಗನ ಮುಖ ನೋಡುವ ಧೈರ್ಯವಾಗಲಿಲ್ಲ.

"ಹಾಗಾದ್ರೆ ಇದು ನಿಮ್ಮ ಹೊಟ್ಟೆಗೆ ಹೋದದ್ದು, ಅವರ ಹೊಟ್ಟೆಗಲ್ಲ," ಎನ್ನುತ್ತ ಸೇವಂತಿ ಒಳಗೆ ಹೊರಟಳು.

ತಾಜಬಿ ಅವಳ ತೋಳು ಹಿಡಿದು ನಿಲ್ಲಿಸಿದಳು.

"ಆಕೀ ಹೊಟ್ಟಿಗೇ ಹೋಗೇತ್ರಿ. ಆಕಿ ಖಾರಿ ತರಾಕ ಒಳಗ ಹೋದಾಗೆಲ್ಲ ನಾ ಕಪ್ ಅದಲಿ ಬದಲಿ ಇಡ್ತಿದ್ದೆ, ನಿನ್ನಿ ಸಂಜೀಕೂ."