ಹಲಗೆಯ ಮೇಲಿನ ಬಿಲ್ಲೆಗಳು

ನಡುರಾತ್ರಿ ಗೋಡೆಯಾಚೆ ಮೆಲ್ಲಗೆ ಟಕ್ ಟಕ್ ಎಂದಿತು. ಚಿನ್ನದ ಗಣಿಯ ಆಳದಲ್ಲಿ ಬೆಂಕಿ ಬಿದ್ದ ಸುರಂಗದ ಬಾಯಿಗೆ, ಗಾಳಿ ಸಿಗದೆ ಬೆಂಕಿ ಆರಲೆಂದು, ಇಟ್ಟಿಗೆ ಕಟ್ಟುತ್ತಿದ್ದ ಚೌಡಪ್ಪ ಕೈ ನಿಲ್ಲಿಸಿದ.

“ಒಳಗೆ ಯಾರೋ ಬಡಿದಂಗಾಯ್ತು ಮೇಸ್ತ್ರಿ.”

“ಕಾದ ಬಂಡೆ ಸಿಡಿಯೋ ಸದ್ದಪ್ಪ. ಇಳಿಯೋವಾಗ ಒಯ್ದ ಬಿಲ್ಲೇನ ಮೇಲೆ ಬಂದೋರು ಹಲಗೆಗೆ ತಗುಲಿಹಾಕ್ತಾರಲ್ಲ, ಈ ಸುರಂಗದೋರವು ಅಷ್ಟೂ ಅಲ್ಲೇ ಅವೆ. ನಾನೇ ಎಣಿಸ್ದೆ. ಹೊಗೆ ಪಕ್ಕದ ಸುರಂಗಕ್ಕೆ ನುಗ್ಗಿದ್ರೆ ಅಲ್ಲಿರೋ ನೂರು ಜನ ಸಾಯ್ತಾರೆ. ಕಟ್ಟು.”

ಕಟ್ಟಿದ. ಕೊನೆಯ ಸಾಲು ಇಡುವ ಮೊದಲೇ ಸದ್ದು ನಿಂತುಹೋಗಿತ್ತು.

ಬೆಳಗ್ಗೆ ಮೇಲೆ ಬಂದಾಗ, ಅದೇ ಸುರಂಗದಲ್ಲಿ ಮಗನೊಡನೆ ದುಡಿಯುವ ಜೊತೆಗಾರ ಎದುರಾದ. ಬೆಂಕಿಯ ಸುದ್ದಿ ಅವನಿಗಿನ್ನೂ ಗೊತ್ತಿರಲಿಲ್ಲ.

“ಎದ್ದು ಬಂದ್ನಾ ಮಾಮ, ನಿಮ್ಮ ಕುಂಭಕರ್ಣ? ನಿನ್ನೆ ಪಾಳಿ ಮುಗಿದ್ರೂ ಒಳಗೇ ಗೊರಕೆ ಹೊಡೀತಿದ್ದ. ತಡವಾದ್ರೆ ಬೈತಾರೆ ಅಂತ ಅವನ ಬಿಲ್ಲೇನೂ ನಾನೇ ತಂದು ತಗುಲಿಹಾಕ್ದೆ.”

ಚೌಡಪ್ಪ ಬೆಂಕಿ ಬಿದ್ದದ್ದನ್ನು, ತಾನೇ ಸುರಂಗ ಮುಚ್ಚಿದ್ದನ್ನು ಎರಡೇ ಮಾತಲ್ಲಿ ಹೇಳಿದ.

ಜೊತೆಗಾರ ಅವನ ತೋಳು ಹಿಡಿದ. “ಎಚ್ಚರ ಆಗಿದ್ರೆ ನಿಮಗೆ ಕೇಳಿಸ್ತಿತ್ತಲ್ವಾ ಮಾಮ?”

“ಕೇಳಿಸ್ತಿತ್ತು. ನಿದ್ದೇಲೇ ಹೋಗವ್ನೆ,” ಎಂದ ಚೌಡಪ್ಪ. ಹೆತ್ತವಳಿಗೂ ಇದಕ್ಕಿಂತ ಹೆಚ್ಚು ಹೇಳಬಾರದೆಂದು ಆಗಲೇ ನಿಶ್ಚಯಿಸಿದ್ದ.